ಬರೆದವನನ್ನು ಕೇಳದೆ ತಿದ್ದಬಲ್ಲ ಕೋಡ್

ತೊಗರಿ ಖರೀದಿ ಕೇಂದ್ರವೊಂದರ ಲೆಕ್ಕ ಮಾಡುವ ಪ್ರೋಗ್ರಾಂನಲ್ಲಿ ಹೀಗೊಂದು ಸಾಲು ಇದೆ ಎಂದಿಟ್ಟುಕೊಳ್ಳೋಣ:

ಮೊತ್ತ = ತೂಕ * 8000

ಕಂಪ್ಯೂಟರಿಗೆ ಇದರಲ್ಲಿ ಯಾವ ಗೊಂದಲವೂ ಇಲ್ಲ. ಹತ್ತು ಕ್ವಿಂಟಲ್ ಎಂದರೆ ಎಂಬತ್ತು ಸಾವಿರ ಎಂದು ಅದು ಕೂಡಲೇ ಉತ್ತರಿಸುತ್ತದೆ. ಗೊಂದಲವಾಗುವುದು ಇದೇ ಸಾಲನ್ನು ಒಂದೆರಡು ಹಂಗಾಮು ಕಳೆದ ಮೇಲೆ ತೆರೆದು ನೋಡುವ ಮನುಷ್ಯನಿಗೆ. 2024-25ರಲ್ಲಿ ತೊಗರಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು. ಅದರ ಮೇಲೆ ರಾಜ್ಯ ಸರ್ಕಾರ 450 ರೂಪಾಯಿ ಪ್ರೋತ್ಸಾಹಧನ ಘೋಷಿಸಿದ್ದರಿಂದ ರೈತನ ಲೆಕ್ಕ 8,000ಕ್ಕೆ ಬಂದಿತು. ಮರುವರ್ಷ, ಅಂದರೆ 2025-26ಕ್ಕೆ, ಕೇಂದ್ರದ ಬೆಂಬಲ ಬೆಲೆಯೇ 8,000 ಆಯಿತು. ಹಾಗಾದರೆ ಮೇಲಿನ ಸಾಲಿನಲ್ಲಿರುವ 8000 ಯಾವುದು? ರಾಜ್ಯ ಸರ್ಕಾರ ಮತ್ತೆ ಪ್ರೋತ್ಸಾಹಧನ ಕೊಟ್ಟರೆ ಅದನ್ನು ಈ ಅಂಕಿಗೆ ಕೂಡಿಸಬೇಕೋ, ಅಥವಾ ಅದು ಆಗಲೇ ಇದರೊಳಗೆ ಸೇರಿದೆಯೋ? ಈ ಪ್ರಶ್ನೆಗೆ ಉತ್ತರ ಕೋಡ್‌ನಲ್ಲಿ ಎಲ್ಲಿಯೂ ಇಲ್ಲ, ಅದನ್ನು ಬರೆದವನ ನೆನಪಿನಲ್ಲಿ ಮಾತ್ರ ಇದೆ.

ಅದೇ ಲೆಕ್ಕವನ್ನು ಹೀಗೂ ಬರೆಯಬಹುದಿತ್ತು:

ಬೆಂಬಲ_ಬೆಲೆ = 7550
ರಾಜ್ಯದ_ಪ್ರೋತ್ಸಾಹಧನ = 450
ಕ್ವಿಂಟಲ್_ದರ = ಬೆಂಬಲ_ಬೆಲೆ + ರಾಜ್ಯದ_ಪ್ರೋತ್ಸಾಹಧನ
ಮೊತ್ತ = ತೂಕ_ಕ್ವಿಂಟಲ್ * ಕ್ವಿಂಟಲ್_ದರ

ಒಂದು ಸಾಲಿನ ಜಾಗದಲ್ಲಿ ನಾಲ್ಕು ಸಾಲು ಬಂದಿವೆ, ಉತ್ತರ ಮಾತ್ರ ಬದಲಾಗಿಲ್ಲ. ಆದರೆ ಮುಂದಿನ ಹಂಗಾಮಿನಲ್ಲಿ ಈ ಕೆಲಸಕ್ಕೆ ಬರುವವನು ಯಾರನ್ನೂ ಕೇಳದೆ ಮೊದಲ ಎರಡು ಸಾಲುಗಳನ್ನು ಮಾತ್ರ ತಿದ್ದಿ ಮುಂದೆ ಹೋಗಬಹುದು.

ಓದಲು ಬರುವ ಕೋಡ್, ನಿರ್ವಹಿಸಲು ಬರುವ ಕೋಡ್ ಎಂದು ತಂತ್ರಾಂಶ ಕ್ಷೇತ್ರದಲ್ಲಿ ಪದೇ ಪದೇ ಕೇಳಿಬರುವ ಮಾತನ್ನು ಅಂದಚೆಂದದ ಮಾತೆಂದು ಹಲವರು ತಿಳಿದಿದ್ದಾರೆ. ಅದರ ಅಳತೆಗೋಲು ತೀರ ವ್ಯಾವಹಾರಿಕವಾದದ್ದು. ಹೊರಗಿನ ಜಗತ್ತಿನಲ್ಲಿ ಒಂದು ನಿಯಮ ಬದಲಾದಾಗ ಕೋಡ್‌ನಲ್ಲಿ ಎಷ್ಟು ಕಡೆ ಕೈ ಹಾಕಬೇಕಾಗುತ್ತದೆ, ಮತ್ತು ಆ ಜಾಗ ಇಂಥದ್ದೇ ಎಂಬುದು ಬರೆದವನನ್ನು ಕೇಳದೆ ತಿಳಿಯುತ್ತದೆಯೇ ಇಲ್ಲವೇ, ಇಷ್ಟನ್ನು ನೋಡಿದರೆ ಸಾಕು. ಕಲಬುರಗಿಯಂಥ ಊರಿನಲ್ಲಿ ಈ ಎರಡನೆಯ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಇಲ್ಲಿ ಕಲಿತು ಕೈ ಪಳಗಿದ ಹುಡುಗ ಹುಡುಗಿಯರಲ್ಲಿ ಅನೇಕರು ಒಳ್ಳೆಯ ಸಂಬಳ ಸಿಕ್ಕೊಡನೆ ಹೈದರಾಬಾದಿಗೋ ಬೆಂಗಳೂರಿಗೋ ಹೊರಟುಬಿಡುತ್ತಾರೆ. ಅವರು ಬರೆದ ಪ್ರೋಗ್ರಾಂ ಮಾತ್ರ ಗಂಜ್ ಮಾರುಕಟ್ಟೆಯ ಅಡತ್ (ದಲ್ಲಾಳಿ) ಅಂಗಡಿಯಲ್ಲಿ, ದಾಲ್ ಮಿಲ್‌ನ ಕಚೇರಿಯಲ್ಲಿ, ಸಹಕಾರ ಸಂಘದ ಹಳೆಯ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಓಡುತ್ತಲೇ ಇರುತ್ತದೆ.

ಬದಲಾಗುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು

ನಿಜ ಜೀವನದ ಕೆಲಸಕ್ಕೆ ಬಳಕೆಯಾಗುವ ಪ್ರೋಗ್ರಾಂ ನಿರಂತರವಾಗಿ ಬದಲಾಗುತ್ತಲೇ ಇರಬೇಕು, ಇಲ್ಲವಾದರೆ ಅದು ದಿನೇ ದಿನೇ ನಿರುಪಯುಕ್ತವಾಗುತ್ತದೆ ಎಂಬ ತತ್ವವನ್ನು 1970ರ ದಶಕದಲ್ಲಿ ಕಂಪ್ಯೂಟರ್ ವಿಜ್ಞಾನಿ ಮೀರ್ ಲೇಮನ್ ಮುಂದಿಟ್ಟರು. ಐಬಿಎಂನ ದೊಡ್ಡ ಆಪರೇಟಿಂಗ್ ಸಿಸ್ಟಂ ಒಂದು ಆವೃತ್ತಿಯಿಂದ ಆವೃತ್ತಿಗೆ ಹೇಗೆ ಬೆಳೆಯಿತು ಎಂಬುದನ್ನು ಲಾಸ್ಲೊ ಬೆಲಾಡಿ ಅವರೊಂದಿಗೆ ಅಧ್ಯಯನ ಮಾಡಿ ಅವರು ಈ ನಿಲುವಿಗೆ ಬಂದಿದ್ದರು. ಪ್ರೋಗ್ರಾಂ ಯಂತ್ರದಂತೆ ಸವೆಯುವುದಿಲ್ಲ. ಅದರ ಸುತ್ತಲಿನ ಜಗತ್ತು ಸರಿದು ಮುಂದೆ ಹೋಗುವುದರಿಂದ ಅದು ಹಳತಾಗುತ್ತದೆ.

ಈ ಸರಿದಾಟವನ್ನು ನೋಡಲು ನಮ್ಮ ಭಾಗ ಬಿಟ್ಟು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಯಾದಗಿರಿ 2010ರ ಹೊತ್ತಿಗೆ ಕಲಬುರಗಿಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. 2014ರ ನವೆಂಬರ್ 1ರಂದು ಗುಲ್ಬರ್ಗ ಅಧಿಕೃತವಾಗಿ ಕಲಬುರಗಿಯಾಯಿತು. ಆ ಬಳಿಕ ಹೊಸ ತಾಲ್ಲೂಕುಗಳು ಬಂದವು: ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ ಸೇರಿ ಕಲಬುರಗಿ ಜಿಲ್ಲೆಯ 7 ತಾಲ್ಲೂಕುಗಳು 11 ಆದವು, ಹುಲಸೂರು, ಚಿಟಗುಪ್ಪ, ಕಮಲನಗರ ಸೇರಿ ಬೀದರಿನ 5 ತಾಲ್ಲೂಕುಗಳು 8 ಆದವು. ತಾಲ್ಲೂಕಿನ ಕ್ರಮಸಂಖ್ಯೆ 7ಕ್ಕಿಂತ ಹೆಚ್ಚಿದ್ದರೆ ತಪ್ಪು ಎಂದು ಯಾವುದೋ ಫಂಕ್ಷನ್‌ನ, ಅಂದರೆ ಒಂದು ಕೆಲಸಕ್ಕೆಂದು ಕಟ್ಟಿದ ಕೋಡ್ ಭಾಗದ, ನಡುವೆ ಬರೆದಿಟ್ಟ ಪ್ರೋಗ್ರಾಂ ಅಂದಿನಿಂದ ಕಾಳಗಿಯ ರೈತನನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ತಾಲ್ಲೂಕುಗಳ ಪಟ್ಟಿಯನ್ನು ಕೋಡ್‌ನ ಹೊರಗೆ ಡೇಟಾಬೇಸ್‌ನ ಒಂದು ಕೋಷ್ಟಕದಲ್ಲಿಟ್ಟಿದ್ದರೆ ನಾಲ್ಕು ಸಾಲು ಸೇರಿಸುವುದರಲ್ಲಿ ಕೆಲಸ ಮುಗಿಯುತ್ತಿತ್ತು.

ಹೆಸರಿನ ವಿಷಯವೂ ಹೀಗೆಯೇ. ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಬಂದಾಗ ನಮ್ಮ ಪ್ರದೇಶಕ್ಕೆ ಹೈದರಾಬಾದ್ ಕರ್ನಾಟಕ ಎಂದು ಹೆಸರಿತ್ತು. ಆಗ ಬರೆದ ನೇಮಕಾತಿ ಪ್ರೋಗ್ರಾಂನಲ್ಲಿ ಈ ಮಾಹಿತಿಯನ್ನು ಹಿಡಿದಿಡುವ ವೇರಿಯಬಲ್‌ಗೆ ‘ಹೈಕ_ಮೀಸಲು’ ಎಂಬ ಹೆಸರಿಡುವುದು ಸಹಜವೇ. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕ ಎಂದಾದಾಗ ಇನ್ನೊಬ್ಬನು ಹೊಸ ಭಾಗಗಳಲ್ಲಿ ‘ಕಕ_ಮೀಸಲು’ ಎಂದು ಬರೆಯತೊಡಗುತ್ತಾನೆ. ಈಗ ಅದನ್ನು ಓದುವವನಿಗೆ ಇವು ಎರಡು ಬೇರೆ ಬೇರೆ ಸೌಲಭ್ಯಗಳಂತೆ ಕಾಣುತ್ತವೆ. ನನ್ನ ದೃಷ್ಟಿಯಲ್ಲಿ ಇಲ್ಲಿ ಸರಿಯಾದ ಹೆಸರು ‘ವಿಧಿ_371ಜೆ_ಅರ್ಹ’. ಪ್ರದೇಶದ ಹೆಸರು ಬದಲಾಯಿತು, ವಿಧಿಯ ಸಂಖ್ಯೆ ಬದಲಾಗಲಿಲ್ಲ. ಒಂದು ವಸ್ತುವಿಗೆ ಎರಡು ಹೆಸರು ಸಾಧ್ಯವಿದ್ದಾಗ, ಹೆಚ್ಚು ಕಾಲ ಅಲುಗದೆ ನಿಲ್ಲುವ ಸಂಗತಿಯನ್ನು ಹಿಡಿದು ಹೆಸರಿಡುವುದು ಜಾಣತನ.

ಪಹಣಿಯ ಚುಕ್ಕಿ

ಹೆಸರಿನಲ್ಲಿ ಅಳತೆಯ ಮಾನ ಇರಬೇಕೆಂಬುದನ್ನು ಬಾಯಿಮಾತಿನಲ್ಲಿ ಎಲ್ಲರೂ ಒಪ್ಪುತ್ತಾರೆ, ಬರೆಯುವಾಗ ಮರೆಯುತ್ತಾರೆ. ಇದರ ಪರಿಣಾಮವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಪಹಣಿಯಲ್ಲಿ ಜಮೀನಿನ ವಿಸ್ತೀರ್ಣವನ್ನು ಎಕರೆ ಮತ್ತು ಗುಂಟೆಗಳ ನಡುವೆ ಚುಕ್ಕಿಯಿಟ್ಟು ತೋರಿಸುತ್ತಾರೆ. 4 ಎಕರೆ 20 ಗುಂಟೆ ಎಂಬುದು 4.20 ಎಂದು ಕಾಣುತ್ತದೆ. ಎಕರೆಗೆ 40 ಗುಂಟೆ ಎಂಬುದು ಆಳಂದದ ರೈತನಿಗೂ ಗೊತ್ತು, ಗ್ರಾಮ ಆಡಳಿತಾಧಿಕಾರಿಗೂ ಗೊತ್ತು. ಆದ್ದರಿಂದ ಅವರ ಕಣ್ಣಿಗೆ ಇದು ನಾಲ್ಕೂವರೆ ಎಕರೆ. ಪ್ರೋಗ್ರಾಂ ಬರೆಯುವವನು ‘ವಿಸ್ತೀರ್ಣ = 4.20’ ಎಂದು ಬರೆದುಕೊಂಡರೆ ಕಂಪ್ಯೂಟರ್ ಆ ಚುಕ್ಕಿಯನ್ನು ದಶಮಾಂಶ ಬಿಂದುವೆಂದೇ ಓದುತ್ತದೆ, ಮತ್ತು ನಾಲ್ಕೂವರೆ ಎಕರೆ ಸದ್ದಿಲ್ಲದೆ ನಾಲ್ಕು ದಶಮಾಂಶ ಎರಡು ಎಕರೆಯಾಗುತ್ತದೆ.

ಖರೀದಿ ಕೇಂದ್ರದ ನಿಯಮ ಎಕರೆಗೆ 4 ಕ್ವಿಂಟಲ್ ಎಂದಿದ್ದರೆ, ಆ ರೈತ 18 ಕ್ವಿಂಟಲ್ ಮಾರಲು ಅರ್ಹನಾಗಿದ್ದರೂ ಪರದೆಯ ಮೇಲೆ 16.8 ಎಂದು ಬರುತ್ತದೆ. ಉಳಿದ 1.2 ಕ್ವಿಂಟಲ್‌ಗೆ 8,000ದ ದರದಲ್ಲಿ 9,600 ರೂಪಾಯಿ. ತಪ್ಪಾಯಿತೆಂದು ಯಾವ ಸೂಚನೆಯೂ ಬರುವುದಿಲ್ಲ, ಏಕೆಂದರೆ 16.8 ಕೂಡ ನೋಡಲು ನಂಬುವಂಥ ಅಂಕಿಯೇ. ಇದೇ ಅಂಕಿ ಎಕ್ಸೆಲ್ ಹಾಳೆಯೊಂದರ ಮೂಲಕ ಹಾದು ಬಂದರೆ ಇನ್ನೊಂದು ಅವಾಂತರ ಕಾದಿರುತ್ತದೆ. ಅದು ಕೊನೆಯ ಸೊನ್ನೆಯನ್ನು ಕೈಬಿಟ್ಟು 4.2 ಎಂದು ತೋರಿಸುತ್ತದೆ, ಅದನ್ನು ಮುಂದಿನವನು 4 ಎಕರೆ 2 ಗುಂಟೆ ಎಂದು ಓದಿಕೊಂಡರೂ ಆಶ್ಚರ್ಯವಿಲ್ಲ.

ಇದಕ್ಕೆ ಮದ್ದು ಬುದ್ಧಿವಂತಿಕೆಯ ತಂತ್ರವೇನಲ್ಲ. ಎಕರೆ ಮತ್ತು ಗುಂಟೆಗಳನ್ನು ಪ್ರೋಗ್ರಾಂನ ಹೊಸ್ತಿಲಲ್ಲೇ ಬಿಡಿಸಿ, ಒಳಗೆಲ್ಲ ಒಂದೇ ಮಾನವನ್ನು ಬಳಸಬೇಕು:

ಎಕರೆಗೆ_ಗುಂಟೆ = 40
ವಿಸ್ತೀರ್ಣ_ಗುಂಟೆ = ಎಕರೆ * ಎಕರೆಗೆ_ಗುಂಟೆ + ಗುಂಟೆ

4 ಎಕರೆ 20 ಗುಂಟೆ ಎಂದರೆ 180 ಗುಂಟೆ. ‘ವಿಸ್ತೀರ್ಣ_ಗುಂಟೆ’ ಎಂಬ ಹೆಸರನ್ನು ನೋಡಿದವನು ಅದನ್ನು ಎಕರೆಯ ದರದಿಂದ ನೇರವಾಗಿ ಗುಣಿಸಲು ಹೋದರೆ ಸಾಲಿನಲ್ಲೇ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಮಾನದ ಈ ಬಗೆಯ ಗೊಂದಲ ದೊಡ್ಡವರನ್ನೂ ಬಿಟ್ಟಿಲ್ಲ. 1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಬಳಿ ನಾಶವಾಯಿತು. ಭೂಮಿಯ ಮೇಲಿನ ಒಂದು ತಂತ್ರಾಂಶ ಪೌಂಡ್ ಮಾನದಲ್ಲಿ ಕೊಟ್ಟ ಅಂಕಿಗಳನ್ನು ಪಥ ಲೆಕ್ಕ ಹಾಕುವವರು ನ್ಯೂಟನ್ ಮಾನದವೆಂದು ತೆಗೆದುಕೊಂಡಿದ್ದರು.

ಇನ್ನು, ಹೆಸರುಗಳು ಬಳಸುವವರ ಬಾಯಲ್ಲಿ ಇರುವಂಥವೇ ಆಗಿರಬೇಕು. ಗಂಜ್‌ನಲ್ಲಿ ಚೀಲ ಇಳಿಸಿದ್ದಕ್ಕೆ ಕೊಡುವ ಹಣ ಹಮಾಲಿ. ಒಂದೇ ಪ್ರೋಗ್ರಾಂನಲ್ಲಿ ಅದನ್ನು ಒಬ್ಬ ಹಮಾಲಿ ಎಂದೂ ಇನ್ನೊಬ್ಬ ಕೂಲಿ ಎಂದೂ ಮತ್ತೊಬ್ಬ ಲೇಬರ್ ಎಂದೂ ಬರೆದಿದ್ದರೆ, ‘ಹಮಾಲಿ ತಪ್ಪು ಹಿಡಿದಿದೆ’ ಎಂದು ಮುನೀಮರು ಫೋನ್ ಮಾಡಿದ ದಿನ ಕೋಡ್‌ನಲ್ಲಿ ಹುಡುಕಿದರೆ ಮೂರರಲ್ಲಿ ಒಂದು ಜಾಗ ಮಾತ್ರ ಸಿಗುತ್ತದೆ. ಪೈಥಾನ್ ಭಾಷೆಯಲ್ಲಿ 2008ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಈಚೆಗೆ ಕನ್ನಡ ಲಿಪಿಯ ಹೆಸರುಗಳೇ ನಡೆಯುತ್ತವೆ, ಮೇಲಿನ ಸಾಲುಗಳನ್ನು ನಾನು ಹಾಗೆಯೇ ಬರೆದಿದ್ದೇನೆ. ಆದರೂ ಒಂದು ಎಚ್ಚರ ಬೇಕು. ಒತ್ತಕ್ಷರವಾಗದಂತೆ ತಡೆಯಲು ನಾವು ಟೈಪ್ ಮಾಡುವಾಗ ಸೇರಿಸುವ ಕಣ್ಣಿಗೆ ಕಾಣದ ಚಿಹ್ನೆಯನ್ನು ಪೈಥಾನ್ ಹೆಸರಿನೊಳಗೆ ಒಪ್ಪುವುದಿಲ್ಲ. ‘ಸಾಫ್ಟ್‌ವೇರ್’ ಎಂದು ವೇರಿಯಬಲ್‌ಗೆ ಹೆಸರಿಟ್ಟವನು, ಕಾಣುವ ತಪ್ಪೇನೂ ಇಲ್ಲದ ಸಾಲಿನಲ್ಲಿ ತಪ್ಪು ಹುಡುಕುತ್ತ ಅರ್ಧ ದಿನ ಕಳೆಯಬೇಕಾದೀತು.

ಒಡೆಯುವುದು, ಕೂಡಿಸುವುದು

ರೈತನ ವಿವರ ಓದುವುದು, ಅರ್ಹತೆಯ ಮಿತಿ ನೋಡುವುದು, ತೂಕದಲ್ಲಿ ಚೀಲದ ಭಾರ ಕಳೆಯುವುದು, ಹಣದ ಲೆಕ್ಕ ಹಾಕುವುದು, ರಸೀದಿ ಮುದ್ರಿಸುವುದು, ರೈತನ ಮೊಬೈಲಿಗೆ ಸಂದೇಶ ಕಳಿಸುವುದು, ಇವೆಲ್ಲವನ್ನೂ ಒಂದೇ ಫಂಕ್ಷನ್‌ನಲ್ಲಿ ಮುನ್ನೂರು ಸಾಲಿನ ಉದ್ದಕ್ಕೆ ಬರೆದ ಪ್ರೋಗ್ರಾಂಗಳು ಬೇಕಾದಷ್ಟಿವೆ. ಅವು ಕೆಲಸ ಮಾಡುತ್ತವೆ. ಆದರೆ ರಸೀದಿಯಲ್ಲಿ ಒಂದು ಪದ ಬದಲಿಸಲು ಹೋದವನು ಹಣದ ಲೆಕ್ಕವನ್ನೂ ದಾಟಿ ಹೋಗಬೇಕು, ದಾಟುವಾಗ ಏನನ್ನೂ ಕೆಡಿಸಿಲ್ಲವೆಂದು ದೇವರ ಮೇಲೆ ಭಾರ ಹಾಕಬೇಕು.

ಫಂಕ್ಷನ್ ಇಷ್ಟೇ ಸಾಲಿನದಾಗಿರಬೇಕೆಂಬ ನಿಯಮಗಳನ್ನು ಕೆಲವರು ಹೇಳುತ್ತಾರೆ. ನನಗೆ ಸಾಲಿನ ಎಣಿಕೆಗಿಂತ 1972ರಲ್ಲಿ ಡೇವಿಡ್ ಪಾರ್ನಸ್ ಎಂಬ ಕಂಪ್ಯೂಟರ್ ವಿಜ್ಞಾನಿ ಮುಂದಿಟ್ಟ ವಿಚಾರ ಹೆಚ್ಚು ಉಪಯುಕ್ತವೆನಿಸಿದೆ. ಪ್ರೋಗ್ರಾಂ ಕೆಲಸ ಮಾಡುವ ಹೆಜ್ಜೆಗಳ ಅನುಕ್ರಮದಂತೆ ಅದನ್ನು ಒಡೆಯಬೇಡಿ, ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವೂ ಒಂದೊಂದು ಭಾಗದೊಳಗೆ ಅಡಗಿರುವಂತೆ ಒಡೆಯಿರಿ ಎಂಬುದು ಅದರ ತಿರುಳು. ಅರ್ಹತೆಯ ಮಿತಿಯನ್ನು ಸರ್ಕಾರ ಬದಲಿಸುತ್ತದೆ, ರಸೀದಿಯ ರೂಪವನ್ನು ಸಂಘದ ಕಾರ್ಯದರ್ಶಿ ಬದಲಿಸುತ್ತಾರೆ, ಸಂದೇಶ ಕಳಿಸುವ ವಿಧಾನವನ್ನು ಮೊಬೈಲ್ ಕಂಪನಿ ಬದಲಿಸುತ್ತದೆ. ಬದಲಾಯಿಸುವವರು ಬೇರೆ ಬೇರೆಯಾದ್ದರಿಂದ ಇವು ಬೇರೆ ಬೇರೆ ಕಡೆ ಇರಬೇಕು. ಇದರ ವಿರುದ್ಧ ತುದಿಯೂ ಒಳ್ಳೆಯದಲ್ಲ. ಮೂರು ಮೂರು ಸಾಲಿನ ಫಂಕ್ಷನ್‌ಗಳನ್ನು ಇಪ್ಪತ್ತು ಕಡತಗಳಲ್ಲಿ ಹಂಚಿಟ್ಟರೆ, ಒಂದು ರಸೀದಿಯ ಲೆಕ್ಕ ಅರ್ಥವಾಗಲು ಓದುಗನು ಆ ಕಡತಗಳ ನಡುವೆ ಅಲೆಯಬೇಕಾಗುತ್ತದೆ.

ಒಂದೇ ಸಂಗತಿಯನ್ನು ಎರಡು ಕಡೆ ಬರೆಯಬಾರದು ಎಂಬುದು ಎಲ್ಲರಿಗೂ ಗೊತ್ತಿರುವ ಸೂತ್ರ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತರೆ ಪರದೆಯ ಮೇಲೊಂದು ಮೊತ್ತ, ರಸೀದಿಯಲ್ಲೊಂದು ಮೊತ್ತ ಬರುತ್ತದೆ. ಆದರೆ ಈ ಸೂತ್ರವನ್ನು ಕಣ್ಣುಮುಚ್ಚಿ ಪಾಲಿಸಿದವರು ಮಾಡುವ ತಪ್ಪು ಇನ್ನೂ ಸೂಕ್ಷ್ಮವಾದದ್ದು. ಎಕರೆಗೆ ಗುಂಟೆಗಳು 40. ಒಬ್ಬ ರೈತನಿಂದ ಗರಿಷ್ಠ 40 ಕ್ವಿಂಟಲ್ ಮಾತ್ರ ಖರೀದಿಸಬೇಕೆಂದು ಒಂದು ಹಂಗಾಮಿನ ಮಿತಿ ಇದೆ ಎಂದುಕೊಳ್ಳಿ. ಎರಡೂ 40 ಆದ್ದರಿಂದ ‘ನಲವತ್ತು = 40’ ಎಂದು ಒಂದೇ ಹೆಸರಿನಲ್ಲಿ ಹಿಡಿದಿಟ್ಟವನು ಪುನರಾವರ್ತನೆ ತಪ್ಪಿಸಿದೆನೆಂದು ಬೀಗುತ್ತಾನೆ. ಮರುವರ್ಷ ಮಿತಿ 50 ಆದಾಗ ಆ ಒಂದು ಸಾಲು ತಿದ್ದಿದರೆ, ಅದರೊಂದಿಗೆ ಎಕರೆಗೂ 50 ಗುಂಟೆಯಾಗುತ್ತದೆ. ಒಂದು ಅಂಕಿ ಯಾವತ್ತೂ ಬದಲಾಗದ ಅಳತೆ, ಇನ್ನೊಂದು ವರ್ಷಕ್ಕೊಮ್ಮೆ ಬದಲಾಗಬಹುದಾದ ಆದೇಶ. ಅವು ಇಂದು ಸಮವಾಗಿರುವುದು ಕಾಕತಾಳೀಯ. ಕೂಡಿಸುವ ಮುನ್ನ ಕೇಳಬೇಕಾದದ್ದು ಇವೆರಡೂ ಒಂದೇ ಕಾರಣಕ್ಕೆ ಬದಲಾಗುತ್ತವೆಯೇ ಎಂದು.

ಕಮೆಂಟ್‌ಗಳ, ಅಂದರೆ ಓದುವವರಿಗಾಗಿ ಕೋಡ್‌ನ ನಡುವೆ ಬರೆದಿಡುವ ಟಿಪ್ಪಣಿಗಳ, ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೋಡ್ ಏನು ಮಾಡುತ್ತದೆ ಎಂಬುದನ್ನು ಕೋಡ್ ತಾನೇ ಹೇಳುತ್ತದೆ, ಅದನ್ನೇಕೆ ಹಾಗೆ ಮಾಡಲಾಗಿದೆ ಎಂಬುದನ್ನು ಹೇಳಲು ಕಮೆಂಟ್ ಇರುವುದು. ‘ಚೀಲದ ತೂಕ ಕಳೆಯಲಾಗಿದೆ’ ಎಂದು ಬರೆಯುವುದು ವ್ಯರ್ಥ. ‘ಕೇಂದ್ರದಲ್ಲಿ ಹೊಸ ಚೀಲಗಳನ್ನು ತೂಗಿ ಒಪ್ಪಿಕೊಂಡ ಸರಾಸರಿ ಇದು, ಹಳೆಯ ಚೀಲ ಬಂದರೆ ಈ ಅಂಕಿ ಸಲ್ಲದು’ ಎಂದು ಬರೆದರೆ ಅದು ಕೋಡ್‌ನಲ್ಲಿ ಬೇರೆಲ್ಲೂ ಸಿಗದ ಮಾಹಿತಿ. ಸಾಲುಗಳ ಜೋಡಣೆ, ಎಡಬದಿಯ ಜಾಗ ಇತ್ಯಾದಿಗಳನ್ನು ಈಗ ಫಾರ್ಮ್ಯಾಟರ್ ಎಂಬ ಉಪಕರಣಗಳಿಗೇ ಬಿಟ್ಟುಬಿಡಬಹುದು, ಆ ವಾದದಲ್ಲಿ ಸಮಯ ಕಳೆಯುವುದು ಬೇಡ. ಆದರೂ ಅದು ಕ್ಷುಲ್ಲಕ ವಿಷಯವಲ್ಲವೆಂಬುದು 2014ರ ಫೆಬ್ರವರಿಯಲ್ಲಿ ಬಯಲಾಯಿತು. ಆಪಲ್ ಕಂಪನಿಯ ಸುರಕ್ಷತಾ ಕೋಡ್‌ನಲ್ಲಿ ಒಂದೇ ಸಾಲು ಎರಡು ಸಲ ಬಿದ್ದಿತ್ತು. ಎಡಬದಿಯ ಜಾಗದಿಂದಾಗಿ ಎರಡನೆಯದು ಷರತ್ತಿನ ಒಳಗಿರುವಂತೆ ಕಾಣುತ್ತಿತ್ತೇ ಹೊರತು ಒಳಗಿರಲಿಲ್ಲ, ಹೀಗಾಗಿ ಮುಂದಿನ ಸಹಿ ಪರಿಶೀಲನೆ ನಡೆಯುತ್ತಲೇ ಇರಲಿಲ್ಲ.

ಬಳಕೆ ನಿಂತ ಕೋಡನ್ನು ಮುಂದೆ ಬೇಕಾಗಬಹುದೆಂದು ಉಳಿಸಿಕೊಳ್ಳುವ ಅಭ್ಯಾಸ ಇದಕ್ಕಿಂತ ಅಪಾಯಕಾರಿ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆ ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ವರ್ಷಗಳ ಹಿಂದೆಯೇ ಬಳಕೆ ನಿಂತಿದ್ದ ಒಂದು ಭಾಗವನ್ನು ಅವರು ಕೋಡ್‌ನಿಂದ ತೆಗೆದಿರಲಿಲ್ಲ, ಅದನ್ನು ಚಾಲೂ ಮಾಡುತ್ತಿದ್ದ ಹಳೆಯ ಗುರುತನ್ನೇ ಹೊಸ ಕೆಲಸಕ್ಕೆ ಬಳಸಿಕೊಂಡಿದ್ದರು. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ತಲುಪಿರಲಿಲ್ಲ, ಅಲ್ಲಿ ಹಳೆಯ ಭಾಗ ಮತ್ತೆ ಎದ್ದು ಕುಳಿತಿತು. ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನಂಥ ವ್ಯವಸ್ಥೆಯಲ್ಲಿ ಅಳಿಸಿದ ಪ್ರತಿ ಸಾಲೂ ಇತಿಹಾಸದಲ್ಲಿ ಸಿಗುತ್ತದೆ, ಆದ್ದರಿಂದ ಹಳತನ್ನು ಧೈರ್ಯವಾಗಿ ಅಳಿಸಬಹುದು.

ಇಷ್ಟೆಲ್ಲ ಕಾಳಜಿ ಪ್ರತಿ ಪ್ರೋಗ್ರಾಂಗೂ ಬೇಕೆಂದೇನಿಲ್ಲ. ಒಂದೇ ಸಲ ಓಡಿಸಿ ಎಸೆಯುವ ಸಣ್ಣ ಸ್ಕ್ರಿಪ್ಟ್‌ಗೆ ಇಷ್ಟು ಹೆಣಗಾಡುವುದು ಸಮಯ ಹಾಳು. ತೊಂದರೆ ಏನೆಂದರೆ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಾಲ್ಕು ವರ್ಷ ಬರೆಯುವುದೆಲ್ಲ ಈ ಬಗೆಯದ್ದೇ. ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿ ಪರೀಕ್ಷಕರು ಓಡುವ ಪರದೆಯನ್ನು ನೋಡುತ್ತಾರೆ, ಕಡತ ತೆರೆದು ಓದುವುದು ಅಪರೂಪ. ಬೇರೆಯವರು ಬರೆದ ಕೋಡನ್ನು ಓದಿ ತಿದ್ದುವ ಒಂದು ಪ್ರಯೋಗವನ್ನಾದರೂ ಪಠ್ಯದಲ್ಲಿ ಇಟ್ಟರೆ, ಹಿಂದಿನ ಬ್ಯಾಚಿನ ಪ್ರಾಜೆಕ್ಟನ್ನೇ ಮುಂದಿನ ಬ್ಯಾಚಿಗೆ ಕೊಟ್ಟು ಹೊಸ ನಿಯಮವೊಂದನ್ನು ಅದರಲ್ಲಿ ಸೇರಿಸಲು ಹೇಳಿದರೆ, ಈ ಲೇಖನದಲ್ಲಿ ಹೇಳಿದ ಬಹುಪಾಲು ಸಂಗತಿ ಒಂದು ವಾರದಲ್ಲಿ ತಾನಾಗಿಯೇ ತಿಳಿಯುತ್ತದೆ.

ಕೈಗೆ ಬಂದ ಹಳೆಯ ಕೋಡ್

ಹೆಚ್ಚಿನವರ ಪಾಲಿಗೆ ಬರುವುದು ಹೊಸದಾಗಿ ಬರೆಯುವ ಕೆಲಸವಲ್ಲ, ಯಾರೋ ಬಿಟ್ಟುಹೋದದ್ದನ್ನು ಮುಂದುವರಿಸುವ ಕೆಲಸ. ಅಂಥ ಕೋಡ್ ಕಂಡಾಗ ಎಲ್ಲವನ್ನೂ ಅಳಿಸಿ ಮೊದಲಿನಿಂದ ಬರೆಯೋಣವೆನಿಸುತ್ತದೆ. ಆ ಆಸೆಗೆ ಬೀಳಬಾರದು, ಏಕೆಂದರೆ ವಿಕಾರವಾಗಿ ಕಾಣುವ ಷರತ್ತುಗಳಲ್ಲಿ ಕೆಲವು ಯಾವುದೋ ಹಂಗಾಮಿನಲ್ಲಿ ನಿಜವಾಗಿ ಎದುರಾದ ತೊಡಕಿಗೆ ಹಾಕಿದ ತೇಪೆಗಳಾಗಿರುತ್ತವೆ.

ಮೊದಲು ಮಾಡಬೇಕಾದದ್ದು ಈಗಿನ ನಡವಳಿಕೆಯನ್ನು ದಾಖಲಿಸಿಕೊಳ್ಳುವುದು. ಕಳೆದ ಹಂಗಾಮಿನ ರಸೀದಿಗಳನ್ನು ತೆಗೆದುಕೊಂಡು, ಅವುಗಳ ವಿವರವನ್ನು ಪ್ರೋಗ್ರಾಂಗೆ ಕೊಟ್ಟು, ಬರುವ ಉತ್ತರಗಳನ್ನು ಹಾಗೆಯೇ ಒಂದು ಕಡತದಲ್ಲಿ ಇಟ್ಟುಕೊಳ್ಳಬೇಕು. ಬರೀ ಸರಳವಾದ ರಸೀದಿಗಳು ಸಾಲವು. 4 ಎಕರೆ 20 ಗುಂಟೆಯವನೂ ಇರಬೇಕು, ಎಕರೆಗಿಂತ ಕಡಿಮೆ ಜಮೀನಿನವನೂ ಇರಬೇಕು, ಮಿತಿಗೆ ಸರಿಯಾಗಿ ತಂದವನೂ, ಮಿತಿ ಮೀರಿ ತಂದವನೂ ಇರಬೇಕು. ಅನಂತರ ಒಂದು ಸಲಕ್ಕೆ ಒಂದೇ ಬದಲಾವಣೆ: ಒಂದು ಹೆಸರು ತಿದ್ದಿ, ರಸೀದಿಗಳನ್ನೆಲ್ಲ ಮತ್ತೆ ಓಡಿಸಿ, ಹಳೆಯ ಉತ್ತರಗಳೊಂದಿಗೆ ಹೋಲಿಸಬೇಕು. ಹಣವನ್ನು ದಶಮಾಂಶದ ರೂಪಾಯಿಯಲ್ಲಿ ಇಡದೆ ಪೂರ್ಣ ಪೈಸೆಗಳಲ್ಲಿ ಇಟ್ಟುಕೊಂಡರೆ ಈ ಹೋಲಿಕೆ ಖಚಿತವಾಗಿರುತ್ತದೆ, ಏಕೆಂದರೆ ಕಂಪ್ಯೂಟರಿನ ದ್ವಿಮಾನ ಲೆಕ್ಕದಲ್ಲಿ 0.1ರಂಥ ಸರಳ ಅಂಕಿಯೂ ಕರಾರುವಾಕ್ಕಾಗಿ ಕೂರುವುದಿಲ್ಲ.

ಹೋಲಿಸಿದಾಗ ಒಂದು ಪೈಸೆಯ ವ್ಯತ್ಯಾಸ ಬಂದರೂ ಅಲ್ಲಿಗೆ ನಿಲ್ಲಬೇಕು. ಕೆಲವೊಮ್ಮೆ ಹಳೆಯ ಕೋಡ್‌ನಲ್ಲಿಯೇ ತಪ್ಪಿತ್ತೆಂಬುದು ಆಗ ತಿಳಿಯುತ್ತದೆ. ಹಾಗಿದ್ದರೂ ಅದನ್ನು ಹೆಸರು ತಿದ್ದುವ ಕೆಲಸದೊಂದಿಗೆ ಬೆರೆಸಿ ಸರಿಪಡಿಸಬಾರದು. ಆ ತಿದ್ದುಪಡಿ ಬೇರೆಯಾಗಿ, ಯಾವ ಲೆಕ್ಕ ಯಾವ ದಿನದಿಂದ ಹೇಗೆ ಬದಲಾಯಿತೆಂಬ ಟಿಪ್ಪಣಿಯೊಂದಿಗೆ ಗಿಟ್‌ಗೆ ಹೋಗಬೇಕು. ತಪ್ಪು ಲೆಕ್ಕದಂತೆ ಕಡಿಮೆ ಹಣ ಪಡೆದ ರೈತರು ಯಾರೆಂಬ ಪಟ್ಟಿಯನ್ನು ಸಂಘದ ಕಾರ್ಯದರ್ಶಿ ಇಂದಲ್ಲ ನಾಳೆ ಕೇಳಿಯೇ ಕೇಳುತ್ತಾರೆ, ಮತ್ತು ಅದನ್ನು ತೆಗೆದುಕೊಡಲು ಆ ಟಿಪ್ಪಣಿಯ ದಿನಾಂಕವೇ ಆಧಾರ.